ಶುಕ್ರವಾರದ ಕೋಫಿ

ಪಶ್ಚಿಮ ಆಫ್ರಿಕದ ಘಾನಾ ದೇಶದ ಕುಮಾಸಿಯಲ್ಲಿ ಅಸಾಂತೆ ಜನರ ಒಂದು ಚಿನ್ನದ ಪೀಠವಿದೆ. ಅದರ ಮೇಲೆ ಯಾರೂ ಕೂರುವುದಿಲ್ಲ, ಅರಸನೂ ಕೂರುವಂತಿಲ್ಲ. ಅದು ನೆಲಕ್ಕೆ ತಾಗಬಾರದು ಎಂದು ಅದಕ್ಕೇ ಬೇರೊಂದು ಆಸನ ಮಾಡಿಸಿಟ್ಟಿದ್ದಾರೆ. ಹೊರಗೆ ತಂದರೆ ಅರಸನಿಗೆ ಹಿಡಿದ ಹಾಗೆ ಅದಕ್ಕೂ ಕೊಡೆ ಹಿಡಿಯುತ್ತಾರೆ. ಇಷ್ಟು ಮರ್ಯಾದೆಯ ಪೀಠಕ್ಕೆ ಇರುವ ಹೆಸರು ಮಾತ್ರ ಅಲ್ಲಿನ ಬೀದಿಯಲ್ಲಿ ಚೆಂಡಾಡುವ ಹುಡುಗರ ಹೆಸರು: ಕೋಫಿ. ಪೂರ್ತಿಯಾಗಿ ಹೇಳಬೇಕೆಂದರೆ ಸಿಕಾ ಜ್ವಾ ಕೋಫಿ, ಶುಕ್ರವಾರ ಹುಟ್ಟಿದ ಚಿನ್ನದ ಪೀಠ.

ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ಒಸೇಯಿ ಟುಟು ಎಂಬ ಅರಸ ಬಿಡಿಬಿಡಿಯಾಗಿದ್ದ ಸಂಸ್ಥಾನಗಳನ್ನು ಒಂದುಗೂಡಿಸುತ್ತಿದ್ದ. ಅವನ ಜೊತೆಗಿದ್ದ ಪುರೋಹಿತ ಓಕೊಂಫೊ ಅನೋಚೆ ಆಕಾಶದಿಂದ ಈ ಪೀಠವನ್ನು ಬರಮಾಡಿದ, ಅದು ಮೆಲ್ಲಗೆ ಇಳಿದು ಅರಸನ ತೊಡೆಯ ಮೇಲೆ ನಿಂತಿತು ಎಂಬುದು ಅಸಾಂತೆಯವರ ಕಥೆ. ಇಳಿದದ್ದು ಶುಕ್ರವಾರ. ಇಡೀ ಜನಾಂಗದ ಜೀವ ಆ ಪೀಠದೊಳಗಿದೆ ಎಂದು ಅವರ ನಂಬಿಕೆ. ಇಲ್ಲಿಂದ ಮುಂದಿನ ತರ್ಕವೇ ನನಗೆ ಬಹಳ ರುಚಿಸುವುದು. ಜೀವ ಇದ್ದ ಮೇಲೆ ಅದು ಭೂಮಿಗೆ ಬಂದ ಒಂದು ವಾರ ಇರಬೇಕು. ವಾರ ಗೊತ್ತಿದ್ದ ಮೇಲೆ ಹೆಸರು ತಾನಾಗಿ ಬಂತು. ಪೀಠಕ್ಕೆ ಯಾರೂ ಕೂತು ಹೆಸರು ಹುಡುಕಲಿಲ್ಲ.

ಅಕಾನ್ ಜನರಲ್ಲಿ ಮಗುವಿಗೂ ಹೀಗೆಯೇ. ಅಸಾಂತೆ, ಫಾಂಟೆ ಮೊದಲಾದವರನ್ನೆಲ್ಲ ಸೇರಿಸಿ ಅಕಾನ್ ಎನ್ನುತ್ತಾರೆ. ಘಾನಾದ ಅರ್ಧದ ಹತ್ತಿರ ಹತ್ತಿರ ಜನ ಇವರೇ. ಮಗು ಹುಟ್ಟಿದ ಗಳಿಗೆಯಲ್ಲೇ ಅದಕ್ಕೆ ಒಂದು ಹೆಸರು ಬಂದುಬಿಟ್ಟಿರುತ್ತದೆ. ಅಪ್ಪ ಊರಲ್ಲಿಲ್ಲದಿದ್ದರೂ, ಅಜ್ಜಿಗೆ ಬೇರೆ ಆಸೆ ಇದ್ದರೂ, ಶುಕ್ರವಾರ ಹುಟ್ಟಿದ ಗಂಡು ಕೋಫಿ, ಹೆಣ್ಣು ಅಫುವಾ. ಕರಾವಳಿಯ ಫಾಂಟೆಗಳ ಬಾಯಲ್ಲಿ ಅಫುವಾ ಎಫುವಾ ಆಗುತ್ತಾಳೆ. ಸೋಮವಾರದವರು ಕ್ವಾಜೊ ಮತ್ತು ಅಜೋವಾ. ಮಂಗಳವಾರ ಕ್ವಾಬೆನಾ, ಅಬೆನಾ. ಬುಧವಾರ ಕ್ವಾಕು, ಅಕುವಾ. ಗುರುವಾರ ಯಾವ್, ಯಾ. ಶನಿವಾರ ಕ್ವಾಮೆ, ಅಮಾ. ಭಾನುವಾರ ಕ್ವಾಸಿ, ಅಕೋಸುವಾ. ಇವನ್ನು ಕ್ರಾದಿನ್ ಎನ್ನುತ್ತಾರೆ. ದಿನ್ ಎಂದರೆ ಅವರ ಮಾತಿನಲ್ಲಿ ಹೆಸರು (ನಮ್ಮ ಕಿವಿಗೆ ದಿನ ಎಂದು ಕೇಳಿದರೆ ತಪ್ಪೇನೂ ಆಗದು). ಕ್ರಾ ಎಂದರೆ ದೇವರು ತನ್ನಿಂದ ಒಂದಿಷ್ಟು ಕೊಟ್ಟು ಕಳಿಸಿದ ಜೀವ. ಸತ್ತ ಮೇಲೆ ಅದು ಮರಳಿ ಅಲ್ಲಿಗೇ ಹೋಗುತ್ತದೆ.

ಹಾಗೆ ಕಳಿಸಿಕೊಡುವ ದೇವರಿಗೂ ವಾರದ ಹೆಸರುಂಟು. ಆತ ಶನಿವಾರದವನು, ಒನ್ಯಾಮೆ ಕ್ವಾಮೆ. ಭೂತಾಯಿ ಅಸಾಂತೆಯಲ್ಲಿ ಗುರುವಾರದವಳು, ಅಸಾಸೆ ಯಾ. ಗುರುವಾರ ಅಲ್ಲಿ ನೆಲ ಅಗೆಯುವುದು ನಿಷಿದ್ಧ; ಗುದ್ದಲಿಗೆ ರಜೆ. ಫಾಂಟೆಗಳಲ್ಲಿ ಅದೇ ಭೂತಾಯಿ ಶುಕ್ರವಾರದವಳು, ಅಸಾಸೆ ಎಫುವಾ. ಕರಾವಳಿಯ ಬಹಳಷ್ಟು ಕಡೆ ಸಮುದ್ರಕ್ಕೆ ಮಂಗಳವಾರ ಬಿಡುವು, ಅಂದು ದೋಣಿ ಇಳಿಸುವುದಿಲ್ಲ. ಕಥೆಗಳ ಕುತಂತ್ರಿ ಜೇಡ ಅನಾನ್ಸೆ ಬುಧವಾರದವನು, ಅವನ ಪೂರ್ತಿ ಹೆಸರು ಕ್ವಾಕು ಅನಾನ್ಸೆ. ದೇವರು, ನೆಲ, ಜೇಡ, ಪೀಠ, ಪಕ್ಕದ ಮನೆಯ ಪೋರ, ಎಲ್ಲರೂ ಏಳೇ ಹೆಸರುಗಳ ಕೆಳಗೆ ಬಂದು ನಿಲ್ಲುತ್ತಾರೆ. ದೇವರ ಹೆಸರನ್ನು ಮಗುವಿಗಿಡುವುದು ಲೋಕದಲ್ಲಿ ಎಷ್ಟೋ ಕಡೆ ಇದೆ. ಮಗುವಿಗೂ ದೇವರಿಗೂ ಒಂದೇ ಪಂಚಾಂಗದಿಂದ ಹೆಸರು ಬರುವುದು ಬೇರೆಯದೇ ಸೊಗಸು. ಶನಿವಾರ ಹುಟ್ಟಿದ ಕ್ವಾಮೆ ದೇವರ ಹೆಸರು ಹೊತ್ತವನಲ್ಲ, ದೇವರ ವಾರದವನು, ಅಷ್ಟೇ.

ಏಳೇ ಹೆಸರಾದರೆ ಗೊಂದಲವಾಗದೇ? ಹತ್ತು ಕೋಫಿಗಳಿರುವ ಓಣಿಯಲ್ಲಿ ಯಾವ ಕೋಫಿಯನ್ನು ಕರೆದರು ಎಂದು ಹೇಗೆ ತಿಳಿಯುತ್ತದೆ? ತಿಳಿಯುವುದಿಲ್ಲ. ಅದಕ್ಕೇ ಆ ಹೆಸರೊಂದೇ ಸಾಲದು. ಅದರ ಸುತ್ತ ಬೇರೆ ಹೆಸರುಗಳು ಒಂದೊಂದಾಗಿ ಬಂದು ಸೇರುವ ಬಗೆಯಲ್ಲಿ ಆ ಜನರ ಸಂಸಾರವೇ ಕಾಣುತ್ತದೆ.

ಹುಟ್ಟಿದ ಮಗುವನ್ನು ಏಳು ದಿನ ಒಳಗೇ ಇಟ್ಟುಕೊಂಡಿರುತ್ತಾರೆ. ಅಲ್ಲಿಯತನಕ ಅದು ಬಂದ ನೆಂಟ. ಉಳಿಯುತ್ತದೆಯೋ ಹೊರಟುಬಿಡುತ್ತದೆಯೋ ಗೊತ್ತಿಲ್ಲ. ಹೊರಟುಬಿಟ್ಟರೆ ಜೋರಾಗಿ ಅಳುವ ಪದ್ಧತಿಯೂ ಹಿಂದೆ ಇರಲಿಲ್ಲ. ಎಂಟನೆಯ ದಿನ ನಸುಕಿನಲ್ಲಿ ಅದನ್ನು ಹೊರಗೆ ತಂದು ಹೆಸರಿಡುತ್ತಾರೆ. ಹುಟ್ಟಿದ ದಿನವನ್ನೂ ಸೇರಿಸಿ ಎಣಿಸುವುದರಿಂದ ಎಂಟನೆಯ ದಿನವೆಂದರೆ ಅದೇ ವಾರ ಮರಳಿ ಬರುವ ದಿನ. ಕೋಫಿಗೆ ಶುಕ್ರವಾರವೇ ನಾಮಕರಣ. ಹಿರಿಯರೊಬ್ಬರು ಮಗುವನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳನ್ನು ನೀರಿನಲ್ಲಿ ಅದ್ದಿ ನಾಲಗೆಗೆ ಮುಟ್ಟಿಸುತ್ತಾರೆ; ಮತ್ತೆ ಹೆಂಡದಲ್ಲಿ ಅದ್ದಿ ಮುಟ್ಟಿಸುತ್ತಾರೆ. ನೀರನ್ನು ನೀರು ಅನ್ನು, ಹೆಂಡವನ್ನು ಹೆಂಡ ಅನ್ನು ಎಂಬ ಅರ್ಥದ ಮಾತು ಆಗ ಮಗುವಿನ ಕಿವಿಗೆ ಬೀಳುತ್ತದೆ. ನೋಡಲು ಎರಡೂ ಒಂದೇ ಬಣ್ಣ. ರುಚಿ ನೋಡಿದರೆ ಮಾತ್ರ ಗೊತ್ತಾಗುವ ವ್ಯತ್ಯಾಸ. ಸುಳ್ಳಾಡಬೇಡ ಎಂದು ಒಂದು ವಾರದ ಕೂಸಿಗೆ ಇದಕ್ಕಿಂತ ಚೆನ್ನಾಗಿ ಹೇಳಿಕೊಡುವ ದಾರಿ ನನಗೆ ತೋಚದು. ಕುಡಿತ ಬೇಡವೆನ್ನುವ ಮನೆಗಳು ಈಗ ಹೆಂಡದ ಜಾಗದಲ್ಲಿ ಬೇರೇನಾದರೂ ಇಡುತ್ತವೆ. ಆಗ ಆ ಪಾಠ ಅಷ್ಟು ಚುರುಕಾಗಿ ನಾಲಗೆಗೆ ತಟ್ಟಲಾರದು.

ಅಂದು ಇಡುವ ಎರಡನೆಯ ಹೆಸರು ತಂದೆಯ ಹಕ್ಕು. ಇದರಲ್ಲೊಂದು ಸ್ವಾರಸ್ಯವಿದೆ. ಅಕಾನ್ ಸಮಾಜ ತಾಯಿಯ ಬಳಿಯದು. ರಕ್ತ ತಾಯಿಯಿಂದ ಬಂದದ್ದೆಂದೇ ನಂಬಿಕೆ. ಮಗು ತಾಯಿಯ ಕುಲಕ್ಕೆ ಸೇರಿದ್ದು. ಹಳೆಯ ಕಟ್ಟಳೆಯಂತೆ ಸೊತ್ತು, ಪೀಠ ಎಲ್ಲ ಸೋದರಮಾವನಿಂದ ಅಳಿಯನಿಗೆ. ಅಪ್ಪನ ಪಾಲಿಗೆ ಉಳಿದ ದೊಡ್ಡ ಅಧಿಕಾರವೆಂದರೆ ಹೆಸರಿಡುವುದು. ತನ್ನ ಕಡೆಯ ಗೌರವಸ್ಥರೊಬ್ಬರನ್ನು ನೆನೆದು ಆತ ಅವರ ಹೆಸರಿಡುತ್ತಾನೆ, ಮಗು ಅವರ ಗುಣವನ್ನೂ ಹೊತ್ತು ಬೆಳೆಯಲಿ ಎಂದು. ಹೀಗೆ ರಕ್ತ ಅಮ್ಮನದು, ಹಿಂದಿನ ಹೆಸರು ಅಪ್ಪನದು. ಮುಂದಿನ ಹೆಸರು, ಆ ವಾರದ್ದು, ಇಬ್ಬರದೂ ಅಲ್ಲ. ಗಂಡಹೆಂಡಿರ ಕಡೆಯವರು ಯಾವುದಕ್ಕೆ ಜಗಳವಾಡಿದರೂ ಅದಕ್ಕೊಂದಕ್ಕೆ ಆಡುವಂತಿಲ್ಲ.

ಇವಲ್ಲದೆ ಹುಟ್ಟಿದ ಸರದಿಯ ಹೆಸರುಗಳೂ ಇವೆ. ಮೂರನೆಯವನು ಮೆನ್ಸಾ, ನಾಲ್ಕನೆಯವನು ಅನನ್, ಒಂಬತ್ತನೆಯವನು ನ್ಕ್ರುಮಾ, ಹತ್ತನೆಯವನು ಬಾದು. ಅವಳಿಗಳು ಆಟಾ. ಅವಳಿಗಳ ಬೆನ್ನಿಗೆ ಹುಟ್ಟಿದ ಮಗುವಿಗೂ ಪ್ರತ್ಯೇಕ ಹೆಸರು, ಟಾವಿಯಾ. ಪಾಪ, ಅವಳಿಗಳ ಸಡಗರದ ನಂತರ ಬಂದವನನ್ನು ಮರೆತುಬಿಟ್ಟಾರು ಎಂಬ ಎಚ್ಚರ ಇರಬೇಕು. ಹುಟ್ಟಿದ ಮಕ್ಕಳು ಒಂದರ ಹಿಂದೊಂದು ತೀರಿಹೋದ ಮನೆಯಲ್ಲಿ ಮುಂದಿನದಕ್ಕೆ ಬೆಜಿನಾ ಎಂದಿಡುತ್ತಾರೆ: ಬಂದು ನಿಲ್ಲು ಎಂದು ಬೇಡಿಕೆ. ಇಲ್ಲವೇ ಸುಮಿನಾ ಎಂದಿಡುತ್ತಾರೆ. ಸುಮಿನಾ ಎಂದರೆ ತಿಪ್ಪೆ. ಉಳಿಯದ ಮಕ್ಕಳ ನಂತರ ಹುಟ್ಟಿದ್ದನ್ನು ತಿಪ್ಪೆಯ ಮೇಲಿಟ್ಟು ಎತ್ತಿಕೊಂಡು ತಿಪ್ಪಯ್ಯ, ತಿಪ್ಪಮ್ಮ ಎಂದು ಕರೆದ ಮನೆಗಳಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ನಮ್ಮ ಪತ್ರಿಕೆಗಳಲ್ಲೂ ಹತ್ತು ವರ್ಷ ದಿನಬಿಟ್ಟು ದಿನ ಅಚ್ಚಾಗುತ್ತಿದ್ದ ಒಂದು ಹೆಸರನ್ನು ಎತ್ತಿಕೊಳ್ಳೋಣ. ವಿಶ್ವಸಂಸ್ಥೆಯ ಮಹಾಪ್ರಧಾನ ಕಾರ್ಯದರ್ಶಿಯಾಗಿ 1997ರಿಂದ 2006ರವರೆಗೆ ಇದ್ದ ಕೋಫಿ ಅನ್ನಾನ್. ಪೂರ್ತಿ ಹೆಸರು ಕೋಫಿ ಆಟಾ ಅನ್ನಾನ್. 1938ರ ಏಪ್ರಿಲ್ 8ರಂದು ಕುಮಾಸಿಯಲ್ಲಿ ಹುಟ್ಟಿದರು. ಹಳೆಯ ಕ್ಯಾಲೆಂಡರ್ ತೆರೆದು ನೋಡಿದರೆ ಶುಕ್ರವಾರವೇ. ಆಟಾ ಎಂದದ್ದು ಅವಳಿಯಾದ್ದರಿಂದ. ಜೊತೆಗೆ ಹುಟ್ಟಿದ ಸೋದರಿಯ ಹೆಸರು ಎಫುವಾ ಆಟಾ, ಅಂದರೆ ಫಾಂಟೆಗಳ ಭೂತಾಯಿಯದೇ ಹೆಸರು. ಅನ್ನಾನ್ ಎಂದರೆ ನಾಲ್ಕನೆಯವನು. ಆದರೆ ಅವರ ಹೊತ್ತಿಗೆ ಅದು ತಂದೆಯಿಂದ ಬಂದ ಮನೆತನದ ಹೆಸರಾಗಿ ಗಟ್ಟಿಯಾಗಿತ್ತು. ಹಿಂದಿನ ಯಾರೋ ಒಬ್ಬ ನಾಲ್ಕನೆಯವನು ಅದರೊಳಗೆ ಕೂತಿದ್ದಾನೆ. ಇಂಗ್ಲಿಷರ ಶಾಲೆ, ಚರ್ಚಿನ ದಾಖಲೆಗಳಿಗೆ ಮನೆತನದ ಹೆಸರು ಬೇಕಾಗಿತ್ತು. ಒಬ್ಬೊಬ್ಬರಿಗೆ ಹೊಸದಾಗಿ ಬರಬೇಕಾದ ಹೆಸರು ಹೀಗೆ ಒಂದು ತಲೆಮಾರಿನಲ್ಲಿ ನಿಂತು, ಮಕ್ಕಳು ಮೊಮ್ಮಕ್ಕಳಿಗೂ ಅಂಟಿಕೊಂಡಿತು. ವಾರದ ಹೆಸರಿಗೆ ಹಾಗಾಗಲಿಲ್ಲ, ಆಗುವಂತೆಯೂ ಇರಲಿಲ್ಲ. ಅಪ್ಪ ಶುಕ್ರವಾರ ಹುಟ್ಟಿದನೆಂದು ಮಗ ಮಂಗಳವಾರ ಹುಟ್ಟುವುದನ್ನು ತಪ್ಪಿಸಲಾಗುತ್ತದೆಯೇ?

ಘಾನಾಕ್ಕೆ ಸ್ವಾತಂತ್ರ್ಯ ತಂದ ಕ್ವಾಮೆ ನ್ಕ್ರುಮಾ ಅವರದು ಇನ್ನೂ ಚೆಂದದ ಪ್ರಸಂಗ. ಅವರು ಹುಟ್ಟಿದ್ದು ನೈಋತ್ಯ ಮೂಲೆಯ ನ್ಕ್ರೊಫುಲ್ ಎಂಬ ಹಳ್ಳಿಯಲ್ಲಿ. ಯಾವ ವರ್ಷ, ಯಾವ ತಾರೀಖು ಎಂದು ಬರೆದಿಟ್ಟವರಿಲ್ಲ. ಜ್ಞಾನಸ್ನಾನ ಮಾಡಿಸಿದ ಪಾದ್ರಿ ಅಂದಾಜಿನಲ್ಲಿ 1909ರ ಸೆಪ್ಟೆಂಬರ್ 21 ಎಂದು ಬರೆದ. ತಾಯಿಯ ಲೆಕ್ಕದಲ್ಲಿ ಅದು 1912. ನಿಶ್ಚಯವಾಗಿ ಗೊತ್ತಿದ್ದದ್ದು ಒಂದೇ, ಶನಿವಾರ. ಪಾದ್ರಿಯ ತಾರೀಖು ಬಿದ್ದದ್ದು ಮಂಗಳವಾರ. ಆದ್ದರಿಂದ 1909 ಸರಿ ಎಂದಿಟ್ಟುಕೊಂಡರೆ ಅವರು ಹುಟ್ಟಿದ್ದು ಸೆಪ್ಟೆಂಬರ್ 18ರ ಶನಿವಾರ ಇರಬೇಕು ಎಂದು ಲೆಕ್ಕ ಹಾಕಿದ್ದೂ ಆಯಿತು. ಪಾದ್ರಿಯ ದಾಖಲೆಯನ್ನು ಹೆಸರು ತಿದ್ದಿತು. ಅದೇ ಪಾದ್ರಿ ಇಟ್ಟಿದ್ದ ಫ್ರಾನ್ಸಿಸ್ ಎಂಬ ಹೆಸರನ್ನು ಹೊತ್ತೇ ಅವರು ಅಮೆರಿಕದಲ್ಲಿ ಓದಿದರು. 1945ರಲ್ಲಿ ಲಂಡನ್ನಿಗೆ ಬಂದಾಗ ಅದನ್ನು ಕಳಚಿಟ್ಟು ಕ್ವಾಮೆ ಆದರು.

ವಾರವೆಂದರೆ ಅಕಾನ್ ಜನರಿಗೆ ಬರಿಯ ಲೆಕ್ಕವಲ್ಲ. ಏಳು ದಿನದ ವಾರದ ಜೊತೆಗೆ ಆರು ದಿನದ ಇನ್ನೊಂದು ವಾರವೂ ಅಕಾನರಲ್ಲಿ ನಡೆಯುತ್ತಿರುತ್ತದೆ. ಎರಡೂ ಹೆಣೆದುಕೊಂಡು ನಲವತ್ತೆರಡು ದಿನಕ್ಕೊಮ್ಮೆ ಒಂದು ಸುತ್ತು ಪೂರೈಸುತ್ತವೆ. ಅದರೊಳಗೆ ಒಂದು ಶುಕ್ರವಾರ ಮಾತ್ರ ಫೋಫಿಯೆ, ವಿಶೇಷದ ಶುಕ್ರವಾರ. ತನ್ನ ವಾರ ಬಂದಾಗ ಮನುಷ್ಯ ತನ್ನ ಕ್ರಾವನ್ನು ತೊಳೆದುಕೊಳ್ಳುವ ಕ್ರಮವೂ ಇತ್ತು. ಮಿಂದು, ಬಿಳಿಯುಟ್ಟು, ಗೆಣಸಿನ ಜಾತಿಯ ಯಾಮ್ ಗಡ್ಡೆಯನ್ನು ಬೇಯಿಸಿ ಹಿಚುಕಿ, ಅದರ ಜೊತೆ ಬೆಂದ ಮೊಟ್ಟೆ ಇಟ್ಟು ಕ್ರಾಗೆ ಉಣಿಸುವುದು. ವರ್ಷಕ್ಕೊಮ್ಮೆ ಹುಟ್ಟುಹಬ್ಬ ಮಾಡಿ ವಯಸ್ಸು ಎಣಿಸುವುದಕ್ಕಿಂತ ಇದು ಹಿತವೆನ್ನಿಸುತ್ತದೆ. ಇಲ್ಲಿ ಎಣಿಕೆಯೇ ಇಲ್ಲ, ಮತ್ತೆ ಮತ್ತೆ ಅದೇ ಶುಕ್ರವಾರ.

ಪ್ರತಿ ವಾರದ ಹೆಸರಿಗೂ ಒಂದೊಂದು ಬಿರುದು ಉಂಟು, ಒಂದೊಂದು ಸ್ವಭಾವವೂ. ಸೋಮವಾರದ ಕ್ವಾಜೊ ಶಾಂತ. ಬುಧವಾರದ ಕ್ವಾಕು ಮುಂಗೋಪಿ, ಕೀಟಲೆಯವನು. ಜೇಡ ಅನಾನ್ಸೆ ಸುಮ್ಮನೆ ಬುಧವಾರ ಹುಟ್ಟಿದ್ದಲ್ಲ. ಗುಸ್ತಾವ್ ಯಹೋಡಾ ಎಂಬ ಮನಶ್ಶಾಸ್ತ್ರಜ್ಞ ಈ ನಂಬಿಕೆಯನ್ನು ಹಿಡಿದು ಕುಮಾಸಿಯ ಬಾಲಾಪರಾಧ ನ್ಯಾಯಾಲಯದ ದಾಖಲೆಗಳನ್ನು ತೆಗೆದು ನೋಡಿದ. ಕಟಕಟೆಗೆ ಬಂದ ಹುಡುಗರಲ್ಲಿ ಕ್ವಾಜೊಗಳು ಕಡಿಮೆ. ಹೊಡೆದಾಟ ಬಡಿದಾಟದ ಪ್ರಕರಣಗಳಲ್ಲಿ ಕ್ವಾಕುಗಳು ಲೆಕ್ಕಕ್ಕಿಂತ ಹೆಚ್ಚು. 1954ರಲ್ಲಿ ಅವನು ಇದನ್ನು ಪ್ರಕಟಿಸಿದ. ಬುಧವಾರದಲ್ಲಿ ಏನೋ ಇದೆ ಎಂದು ನಂಬುವವರು ನಂಬಲಿ. ಹುಟ್ಟಿದಾಗಿನಿಂದ ನೀನು ತಂಟೆಕೋರ ಎನ್ನುತ್ತ ಬಂದರೆ ಹುಡುಗ ತಾನೇ ಏನು ಮಾಡಿಯಾನು ಎಂದು ನನ್ನ ಅನುಮಾನ.

ಶುಕ್ರವಾರದ ಕೋಫಿಗೆ ಇರುವ ಬಿರುದುಗಳಲ್ಲಿ ಒಂದು ಓಚಿನ್: ಅಲೆಮಾರಿ, ಊರೂರು ತಿರುಗುವವನು. ಈ ಬಿರುದನ್ನು ತಲೆಯಲ್ಲಿಟ್ಟುಕೊಂಡು ಚರಿತ್ರೆಯ ಕೋಫಿಗಳನ್ನು ನೋಡುತ್ತ ಹೋದರೆ ಆಶ್ಚರ್ಯವಾಗುತ್ತದೆ.

ಪೀಠವೇ ಅಲೆದಾಡಿದೆ. 1900ರ ಮಾರ್ಚಿನಲ್ಲಿ ಬ್ರಿಟಿಷ್ ಗವರ್ನರ್ ಫ್ರೆಡರಿಕ್ ಹಾಡ್ಜ್‌ಸನ್ ಕುಮಾಸಿಗೆ ಬಂದು, ಚಿನ್ನದ ಪೀಠವೆಲ್ಲಿ, ತನಗೇಕೆ ಅದರ ಮೇಲೆ ಕೂರಲು ಕೊಡುತ್ತಿಲ್ಲ ಎಂದು ತುಂಬಿದ ಸಭೆಯಲ್ಲಿ ಕೇಳಿದ. ಅರಸನೇ ಕೂರದ ಪೀಠ ಅದೆಂದು ಅವನಿಗೆ ಗೊತ್ತಿರಲಿಲ್ಲ. ಎಜಿಸು ಎಂಬಲ್ಲಿನ ರಾಜಮಾತೆ ಯಾ ಅಸಾಂತೆವಾ ಯುದ್ಧಕ್ಕೆ ನಿಂತರು. ಗುರುವಾರದ ಯಾ ಶುಕ್ರವಾರದ ಕೋಫಿಗಾಗಿ ಬಂದೂಕು ಎತ್ತಿಸಿದರು. ಯುದ್ಧ ಸೋತರು, ಸೆರೆಯಾದರು, ಸೆಷೆಲ್ಸ್ ದ್ವೀಪಕ್ಕೆ ಗಡೀಪಾರಾಗಿ 1921ರಲ್ಲಿ ಅಲ್ಲೇ ತೀರಿಕೊಂಡರು. ಪೀಠ ಮಾತ್ರ ಬ್ರಿಟಿಷರ ಕೈಗೆ ಸಿಗಲಿಲ್ಲ. ಅದು ಕಾಡಿನಲ್ಲಿ ಹೂತು ಕೂತಿತ್ತು.

ಅದಕ್ಕೂ ಮುಂಚೆ ಅಸಾಂತೆಯನ್ನು ಆಳಿದ ಅರಸನೊಬ್ಬನ ಹೆಸರೂ ಕೋಫಿಯೇ, ಕೋಫಿ ಕಾರಿಕಾರಿ. 1874ರ ಫೆಬ್ರುವರಿಯಲ್ಲಿ ಬ್ರಿಟಿಷ್ ಸೈನ್ಯ ಅವನ ಅರಮನೆಯನ್ನು ದೋಚಿ ಕುಮಾಸಿಗೆ ಬೆಂಕಿ ಇಟ್ಟಿತು. ಲಂಡನ್ನಿನ ಪತ್ರಿಕೆಗಳಿಗೆ ಅವನು ‘ಕಿಂಗ್ ಕಾಫಿ’, ಕುಡಿಯುವ ಕಾಫಿ. ಅವನ ರಾಜಛತ್ರ ವಿಕ್ಟೋರಿಯಾ ರಾಣಿಗೆ ಕಾಣಿಕೆಯಾಗಿ ಹೋಯಿತು, ಚಿನ್ನ ಹರಾಜಿಗೆ. ಅಸಾಂತೆಯಿಂದ ಒಯ್ದ ಆಭರಣಗಳಲ್ಲಿ 32ನ್ನು ಲಂಡನ್ನಿನ ಎರಡು ವಸ್ತುಸಂಗ್ರಹಾಲಯಗಳು 2024ರಲ್ಲಿ ಕುಮಾಸಿಯ ಮನ್ಹಿಯಾ ಅರಮನೆಗೆ ಕಳಿಸಿಕೊಟ್ಟವು. ಕೊಟ್ಟದ್ದು ಕಡವಾಗಿ. ಅವರ ಸೊತ್ತನ್ನೇ ಅವರಿಗೆ ಕಡ ಕೊಡುವ ಔದಾರ್ಯವನ್ನು ಏನೆಂದು ಹೊಗಳುವುದು!

ಅಟ್ಲಾಂಟಿಕ್ ದಾಟಿಸಲ್ಪಟ್ಟ ಕೋಫಿಗಳ ಕಥೆಯಂತೂ ದೊಡ್ಡದು. ಹಡಗಿನಲ್ಲಿ ತುಂಬಿ ಒಯ್ದವರಿಂದ ಮನೆ, ಮಾತು, ಕುಲ ಎಲ್ಲವನ್ನೂ ಕಸಿದುಕೊಳ್ಳಬಹುದಿತ್ತು. ಆದರೆ ಜಮೈಕದ ಕಬ್ಬಿನ ತೋಟದಲ್ಲೂ ಸೋಮವಾರದ ನಂತರ ಮಂಗಳವಾರವೇ ಬರುತ್ತಿತ್ತು. ಅಲ್ಲಿ ಹುಟ್ಟಿದ ಕೂಸಿಗೆ ಧಣಿ ಏನು ಬೇಕಾದರೂ ಬರೆದುಕೊಳ್ಳಲಿ, ಹುಟ್ಟಿದ ವಾರ ತಾಯಿಗೆ ಗೊತ್ತಿತ್ತು. ತೋಟದ ಲೆಕ್ಕದ ಪುಸ್ತಕಗಳಲ್ಲಿ ಕತ್ತೆ ಕುದುರೆಗಳ ಪಟ್ಟಿಯ ಪಕ್ಕದಲ್ಲೇ ಆ ಹೆಸರುಗಳು ಇಂಗ್ಲಿಷ್ ಕಾಗುಣಿತದಲ್ಲಿ ಮುರಿದು ಕೂತಿವೆ: ಕೋಫಿ ಕಫೀ ಆದ, ಕ್ವಾಜೊ ಕಜೋ, ಕ್ವಾಸಿ ಕ್ವಾಶಿ, ಅಫುವಾ ಫಿಬಾ, ಅಜೋವಾ ಜೂಬಾ. ಜಮೈಕದ ಚರಿತ್ರೆ ಬರೆದ ಎಡ್ವರ್ಡ್ ಲಾಂಗ್ 1774ರಲ್ಲೇ ವಾರದ ಹೆಸರುಗಳ ಪಟ್ಟಿ ಕೊಟ್ಟಿದ್ದಾನೆ. ಮನುಷ್ಯರನ್ನು ಹೀನಾಯವಾಗಿ ಕಂಡವನು ಅವನು. ಪಟ್ಟಿ ಮಾತ್ರ ನಮಗೆ ಉಪಕಾರಕ್ಕೆ ಬಂತು. ಆಮೇಲೆ ಆಮೇಲೆ ಕ್ವಾಶಿ ಎಂಬುದು ಅಲ್ಲಿ ಪೆದ್ದ, ಗಮಾರ ಎಂಬ ಬೈಗುಳವೇ ಆಗಿಹೋಯಿತು. ಅದೇ ಕ್ವಾಸಿ ಇನ್ನೊಂದು ಕಡೆ ಗೌರವದ ಜಾಗಕ್ಕೂ ಏರಿತು. ಸುರಿನಾಮಿನ ಕ್ವಾಸಿ ಎಂಬ ವೈದ್ಯನಿಗೆ ಗೊತ್ತಿದ್ದ ಜ್ವರದ ಕಹಿಮರಕ್ಕೆ ಸಸ್ಯಶಾಸ್ತ್ರಜ್ಞ ಲಿನ್ನೇಯಸ್ ಕ್ವಾಸಿಯಾ ಎಂದು ಹೆಸರಿಟ್ಟ. ಹೋಮಿಯೋಪತಿ ಸೀಸೆಗಳ ಮೇಲೆ ಆ ಭಾನುವಾರ ಈಗಲೂ ಇದೆ.

1763ರಲ್ಲಿ ಡಚ್ಚರ ಬರ್ಬೀಸ್ ವಸಾಹತಿನಲ್ಲಿ ಗುಲಾಮರು ದಂಗೆ ಎದ್ದಾಗ ಮುಂದಾಳಾಗಿದ್ದವನು ಕೋಫಿ. ತಿಂಗಳುಗಟ್ಟಲೆ ಆ ಸೀಮೆಯ ಬಹುಭಾಗ ಅವನ ಕೈಯಲ್ಲಿತ್ತು. ಡಚ್ ಗವರ್ನರನಿಗೆ ಕಾಗದ ಬರೆಯಿಸಿ, ಸೀಮೆಯನ್ನು ಇಬ್ಭಾಗ ಮಾಡಿಕೊಳ್ಳೋಣ ಎಂದು ಸರಿಸಮನಾಗಿ ಮಾತಾಡಿದ. ಒಳಜಗಳದಲ್ಲಿ ಸೋತು ತಾನೇ ಪ್ರಾಣ ಕಳೆದುಕೊಂಡ. ಬರ್ಬೀಸ್ ಈಗ ಗಯಾನಾದಲ್ಲಿದೆ. ಆ ದೇಶ 1970ರಲ್ಲಿ ಗಣರಾಜ್ಯವಾಗಲು ಆರಿಸಿಕೊಂಡದ್ದು ದಂಗೆ ಶುರುವಾದ ಫೆಬ್ರುವರಿ 23ನ್ನೇ. ರಾಜಧಾನಿ ಜಾರ್ಜ್‌ಟೌನಿನಲ್ಲಿ ಅವನ ಎತ್ತರದ ಕಂಚಿನ ಪ್ರತಿಮೆ ನಿಂತಿದೆ.

ಇನ್ನೊಬ್ಬ ಕೋಫಿ ಚಿಕ್ಕವನಿದ್ದಾಗಲೇ ಸೆರೆಸಿಕ್ಕಿ ಅಮೆರಿಕದ ಮ್ಯಾಸಚೂಸೆಟ್ಸ್ ಸೇರಿದ. ಧಣಿಯ ಹೆಸರು ಸೇರಿಕೊಂಡು ಕೋಫಿ ಸ್ಲೋಕಮ್ ಆದ. ದುಡಿದು ಬಿಡುಗಡೆ ಪಡೆದು, ವಾಂಪನೋಗ್ ಬುಡಕಟ್ಟಿನ ರೂತ್ ಮೋಸಸ್ ಎಂಬಾಕೆಯನ್ನು ಮದುವೆಯಾದ. ಅವರ ಮಗ ಪಾಲ್ ಹುಟ್ಟಿದ್ದು 1759ರ ಜನವರಿ 17ರಂದು, ಸಮುದ್ರದ ನಡುವಿನ ಒಂದು ಪುಟ್ಟ ದ್ವೀಪದಲ್ಲಿ. ಅಪ್ಪ ತೀರಿಹೋದ ಕೆಲವು ವರ್ಷಗಳಿಗೆ ಮಗ ಧಣಿಯ ಸ್ಲೋಕಮ್ ಎಂಬುದನ್ನು ಕಿತ್ತುಹಾಕಿ ಅಪ್ಪನ ವಾರದ ಹೆಸರನ್ನೇ ಮನೆತನದ ಹೆಸರು ಮಾಡಿಕೊಂಡ: ಪಾಲ್ ಕಫಿ. ಅಕಾನ್ ಹಿರಿಯರು ಕೇಳಿದ್ದರೆ ತಲೆ ಅಲ್ಲಾಡಿಸುತ್ತಿದ್ದರೇನೋ. ವಾರವನ್ನು ಅಪ್ಪನಿಂದ ಪಡೆಯಲಾಗದು. ಅದೂ ಅಲ್ಲದೆ ಪಾಲ್ ಹುಟ್ಟಿದ್ದು ಬುಧವಾರ, ಸರಿಯಾಗಿ ನೋಡಿದರೆ ಅವನು ಕ್ವಾಕು. ಶಾಸ್ತ್ರದ ಪ್ರಕಾರ ತಪ್ಪು ಹೌದು. ಆದರೆ ಆ ಮನೆಯಲ್ಲಿ ಆಫ್ರಿಕದಿಂದ ಬಂದದ್ದು ಅಂತ ಉಳಿದಿದ್ದ ಆಸ್ತಿ ಆ ಶುಕ್ರವಾರ ಒಂದೇ. ಅದನ್ನು ಅವನು ಯಾರಿಗೆ ಬಿಟ್ಟುಕೊಡಬೇಕಿತ್ತು?

ಪಾಲ್ ಕಫಿ ನಾವಿಕನಾದ, ಹಡಗುಗಳ ಒಡೆಯನಾದ. ಮತದ ಹಕ್ಕಿಲ್ಲದ ಮೇಲೆ ತೆರಿಗೆ ಏಕೆ ಕೊಡಬೇಕೆಂದು ಸರಕಾರಕ್ಕೆ ಅರ್ಜಿ ಹಾಕಿದವರಲ್ಲಿ ಅವನೂ ಒಬ್ಬ. 1811ರಲ್ಲಿ ಕರಿಯ ನಾವಿಕರನ್ನು ಕೂಡಿಸಿಕೊಂಡು ಸ್ವಂತ ಹಡಗಿನಲ್ಲಿ ಆಫ್ರಿಕದ ಸಿಯೆರಾ ಲಿಯೋನಿಗೆ ಹೋದ. 1815ರ ಕೊನೆಗೆ 38 ಜನರನ್ನು ಹತ್ತಿಸಿಕೊಂಡು, ಬಹುಪಾಲು ತನ್ನದೇ ಖರ್ಚಿನಲ್ಲಿ, ಮತ್ತೊಮ್ಮೆ ಅತ್ತ ಹೊರಟ. ಅವನ ಹಡಗಿನ ಹೆಸರು ‘ಟ್ರಾವೆಲರ್’. ಕೋಫಿಗೆ ಓಚಿನ್ ಎಂಬ ಬಿರುದಿದೆ ಎಂದು ಅಪ್ಪ ಅವನಿಗೆ ಹೇಳಿದ್ದನೋ ಇಲ್ಲವೋ.